ಲಿವರ್‌ನಲ್ಲಿ ಗಂಟು ಕಂಡರೆ: ಸ್ಕ್ಯಾನ್ ಅದನ್ನು ಹೇಗೆ ಗುರುತಿಸುತ್ತದೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದು, ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಒಬ್ಬರು ಗ್ಯಾಸ್ಟ್ರಿಕ್ ಅಂತ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುತ್ತಾರೆ. ಇನ್ನೊಬ್ಬರು ಕಿಡ್ನಿ ಕಲ್ಲಿಗೆ ಅಂತ ಮಾಡಿಸುತ್ತಾರೆ. ರಿಪೋರ್ಟ್‌ನಲ್ಲಿ ಯಾರೂ ಕೇಳದ ಒಂದು ಸಾಲು ಬಂದುಬಿಡುತ್ತದೆ: ಲಿವರ್‌ನ ಬಲಭಾಗದಲ್ಲಿ 2 ಸೆಂಟಿಮೀಟರ್ ಲೀಷನ್. ಡಾಕ್ಟರ್ ಹತ್ತಿರ ಹೋಗುವ ಮೊದಲೇ ಮನೆಯವರೆಲ್ಲ ಮೊಬೈಲ್‌ನಲ್ಲಿ ಹುಡುಕಿ, ಕೆಟ್ಟದ್ದನ್ನೇ ಓದಿ, ಮುಖ ಸಣ್ಣ ಮಾಡಿಕೊಂಡು ಕೂತಿರುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ. ಲಿವರ್ ಕಾಯಿಲೆ ಇಲ್ಲದ, ಬೇರೆಲ್ಲೂ ಕ್ಯಾನ್ಸರ್ ಇಲ್ಲದ ವ್ಯಕ್ತಿಯಲ್ಲಿ ಹೀಗೆ ಅಕಸ್ಮಾತ್ ಕಾಣುವ ಗಂಟುಗಳಲ್ಲಿ ಹೆಚ್ಚಿನವು ಅಪಾಯ ಇಲ್ಲದವು. ನೀರುಗುಳ್ಳೆ ಇರಬಹುದು. ಹಿಮ್ಯಾಂಜಿಯೋಮಾ ಅನ್ನುವ ರಕ್ತನಾಳಗಳ ಗಂಟು ಇರಬಹುದು. ಕೊಬ್ಬು ಒಂದೇ ಸಮ ಹರಡದೆ ಬಿಟ್ಟ ತೇಪೆಯೂ ಇರಬಹುದು. ಆದರೆ 'ಹೆಚ್ಚಿನವು' ಅಂದರೆ ನಿಮಗೆ ಸಮಾಧಾನ ಆಗುವುದಿಲ್ಲ, ಅಲ್ವಾ? ನಿಮ್ಮದು ಯಾವುದು ಅಂತ ಗೊತ್ತಾಗಬೇಕು. ಅದನ್ನು ನಾವು ರೇಡಿಯಾಲಜಿಯವರು ಹೇಗೆ ಪತ್ತೆ ಮಾಡುತ್ತೇವೆ ಅನ್ನುವುದೇ ಇವತ್ತಿನ ಮಾತು.

ಪರದೆಯ ಮೇಲೆ ಗಂಟು ದುಂಡಗಿದೆಯಾ, ಸೊಟ್ಟಗಿದೆಯಾ ಅನ್ನುವುದರಿಂದ ತಿಳಿಯುವುದು ಸ್ವಲ್ಪವೇ. ಅದರೊಳಗೆ ರಕ್ತ ಯಾವಾಗ ಬಂತು, ಎಷ್ಟು ಹೊತ್ತು ನಿಂತಿತು, ಯಾವಾಗ ಹೋಯಿತು ಅನ್ನುವುದರಿಂದ ತಿಳಿಯುವುದು ಜಾಸ್ತಿ. ಇದು ಯಾಕೆ ಹಾಗೆ ಅಂತ ತಿಳಿಯಲು ಲಿವರ್‌ನ ಒಂದು ವಿಚಿತ್ರ ಏರ್ಪಾಡನ್ನು ನೋಡಬೇಕು.

ದೇಹದ ಹೆಚ್ಚಿನ ಅಂಗಗಳಿಗೆ ರಕ್ತ ಬರುವ ದಾರಿ ಒಂದೇ ಬಗೆಯದು: ಹೃದಯದಿಂದ ಬರುವ ಅಪಧಮನಿ. ಲಿವರ್‌ಗೆ ಎರಡು ದಾರಿ. ಒಂದು ಹೆಪಾಟಿಕ್ ಆರ್ಟರಿ. ಇದರಿಂದ ಬರುವುದು ಸುಮಾರು 25 ಶೇಕಡಾ ಮಾತ್ರ. ಉಳಿದ 75 ಶೇಕಡಾ ಬರುವುದು ಪೋರ್ಟಲ್ ವೇನ್‌ನಿಂದ. ಅದು ಕರುಳು, ಹೊಟ್ಟೆ, ಸ್ಪ್ಲೀನ್ ಎಲ್ಲ ಸುತ್ತಿ, ಊಟದ ಸಾರವನ್ನು ಹೊತ್ತು ತರುವ ರಕ್ತ. ದೂರದ ದಾರಿಯಾದ್ದರಿಂದ ತಡವಾಗಿ ಬರುತ್ತದೆ. ರಕ್ತ ಹೋದ ಕಡೆಯೆಲ್ಲ ಸ್ಕ್ಯಾನ್‌ನಲ್ಲಿ ಬೆಳ್ಳಗೆ ಕಾಣುವಂತೆ ಮಾಡುವ ಕಾಂಟ್ರಾಸ್ಟ್ ಔಷಧವನ್ನು ಕೈಯ ರಕ್ತನಾಳಕ್ಕೆ ಚುಚ್ಚಿದರೆ, ಅಪಧಮನಿಯ ದಾರಿಯಲ್ಲಿ ಅದು ಲಿವರ್ ಒಳಗೆ ಚೆನ್ನಾಗಿ ತುಂಬುವುದು ಸುಮಾರು 35 ಸೆಕೆಂಡಿಗೆ. ಪೋರ್ಟಲ್ ದಾರಿಯಲ್ಲಿ ತುಂಬಿಕೊಳ್ಳುವುದು ಸುಮಾರು 70 ಸೆಕೆಂಡಿಗೆ.

ಈ ಅರ್ಧ ನಿಮಿಷದ ಅಂತರವೇ ನಮ್ಮ ಇಡೀ ಕಸುಬಿನ ಬಂಡವಾಳ.

ಯಾಕೆಂದರೆ ಆರೋಗ್ಯವಾಗಿರುವ ಲಿವರ್ ಪೋರ್ಟಲ್ ರಕ್ತದಲ್ಲಿ ಬದುಕುತ್ತದೆ. ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್, ಅಂದರೆ ಹೆಪಟೋಸೆಲ್ಯುಲರ್ ಕಾರ್ಸಿನೋಮಾ, ಅಪಧಮನಿಯ ರಕ್ತದಲ್ಲಿ ಬದುಕುತ್ತದೆ. ಇದನ್ನು ನಾವು ಎಚ್‌ಸಿಸಿ ಅಂತ ಕರೆಯುತ್ತೇವೆ, ಇನ್ನು ಮುಂದೆ ಹಾಗೇ ಹೇಳುತ್ತೇನೆ. ಸಿರೋಸಿಸ್ ಆದ, ಅಂದರೆ ವರ್ಷಗಟ್ಟಲೆ ಪೆಟ್ಟು ತಿಂದು ಕಲೆಗಟ್ಟಿ ಗಟ್ಟಿಯಾದ, ಲಿವರ್‌ನಲ್ಲಿ ಸಣ್ಣ ಸಣ್ಣ ಗಂಟುಗಳು ಬೇಕಾದಷ್ಟು ಇರುತ್ತವೆ. ಅವುಗಳಲ್ಲಿ ಒಂದು ನಿಧಾನವಾಗಿ ಕೆಡುತ್ತಾ ಹೋದಂತೆ ಅದಕ್ಕೆ ಬರುತ್ತಿದ್ದ ಪೋರ್ಟಲ್ ರಕ್ತ ಕಡಿಮೆಯಾಗುತ್ತದೆ, ಹೊಸ ಅಪಧಮನಿಗಳು ಬೆಳೆಯುತ್ತವೆ. ಹಾಗಾಗಿ 35ನೇ ಸೆಕೆಂಡಿನಲ್ಲಿ ಸುತ್ತಲಿನ ಲಿವರ್ ಇನ್ನೂ ಮಂಕಾಗಿರುವಾಗ ಆ ಗಂಟು ಒಂದೇ ಬೆಳ್ಳಗೆ ಎದ್ದು ಕಾಣುತ್ತದೆ. ಆಮೇಲೆ ಲಿವರ್ ಬೆಳ್ಳಗಾಗುವ ಹೊತ್ತಿಗೆ ಗಂಟು ಅದಕ್ಕಿಂತ ಕಪ್ಪಾಗಿರುತ್ತದೆ. ಇದಕ್ಕೆ ವಾಷ್‌ಔಟ್ ಅನ್ನುತ್ತೇವೆ. ಈ ಎರಡು ಚಿತ್ರ ಒಟ್ಟಿಗೆ ಸಿಕ್ಕರೆ, ಅದೂ ಸಿರೋಸಿಸ್ ಇರುವವರಲ್ಲಿ, ರೋಗ ಏನು ಅನ್ನುವುದರಲ್ಲಿ ಅನುಮಾನ ಬಹಳ ಕಡಿಮೆ.

ಇನ್ನು ಒಂದೊಂದೇ ಯಂತ್ರದ ಬಗ್ಗೆ.

ಮೊದಲು ಅಲ್ಟ್ರಾಸೌಂಡ್. ಹೆಚ್ಚಿನ ಗಂಟುಗಳು ಮೊದಲು ಕಾಣುವುದು ಇದರಲ್ಲೇ. ಹೊಟ್ಟೆಗೆ ನಾವು ಬಳಸುವ ಪ್ರೋಬ್ ಸುಮಾರು 2ರಿಂದ 5 ಮೆಗಾಹರ್ಟ್ಸ್ ಶಬ್ದ ಕಳಿಸುತ್ತದೆ. ಕಿವಿಗೆ ಕೇಳುವ ಮಿತಿ 20 ಕಿಲೋಹರ್ಟ್ಸ್, ಅದಕ್ಕಿಂತ ನೂರು ಪಟ್ಟಿಗೂ ಮೇಲೆ. ಶಬ್ದ ಮೃದು ಅಂಗಗಳಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಲ್ಲಿ ಹೋಗುತ್ತದೆ. ತಿರುಗಿ ಬರಲು ಎಷ್ಟು ಹೊತ್ತಾಯಿತು ಅನ್ನುವುದರಿಂದ ಆಳ ಗೊತ್ತಾಗುತ್ತದೆ. ವಿಕಿರಣ ಇಲ್ಲ, ಸೂಜಿ ಇಲ್ಲ, ಖರ್ಚೂ ಕಡಿಮೆ.

ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನುವುದಕ್ಕೂ ಕಾರಣ ಇದೆ. ಊಟ ಮಾಡಿದರೆ ಪಿತ್ತಕೋಶ ಕುಗ್ಗುತ್ತದೆ, ಕರುಳಿನಲ್ಲಿ ಗಾಳಿ ತುಂಬುತ್ತದೆ. ಶಬ್ದ ಗಾಳಿಯನ್ನು ದಾಟುವುದಿಲ್ಲ. ಜೆಲ್ ಹಚ್ಚುವುದೂ ಅದಕ್ಕೇ, ಚರ್ಮಕ್ಕೂ ಪ್ರೋಬ್‌ಗೂ ನಡುವೆ ಗಾಳಿ ಉಳಿಯಬಾರದು ಅಂತ. ಲಿವರ್ ಪಕ್ಕೆಲುಬುಗಳ ಒಳಗೆ, ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಕೆಳಗೆ ಅಡಗಿ ಕೂತಿರುತ್ತದೆ. 'ಉಸಿರು ಎಳೆದು ಹಿಡ್ಕೊಳ್ಳಿ' ಅಂದಾಗ ವಪೆ ಕೆಳಗೆ ಇಳಿಯುತ್ತದೆ, ಅದರ ಜೊತೆಗೆ ಲಿವರ್ ಕೂಡ ಎರಡು ಮೂರು ಬೆರಳಿನಷ್ಟು ಕೆಳಗೆ ಜಾರುತ್ತದೆ. ಆಗ ಪಕ್ಕೆಲುಬಿನ ಸಂದಿನಿಂದ ಪ್ರೋಬ್ ಓರೆ ಮಾಡಿ ಮೇಲಿನ ಗುಮ್ಮಟದ ಭಾಗ ನೋಡಬಹುದು. ಅಲ್ಟ್ರಾಸೌಂಡ್ ಕಣ್ಣು ತಪ್ಪಿಸುವ ಗಂಟುಗಳಲ್ಲಿ ಬಹಳಷ್ಟು ಇರುವುದು ಆ ಗುಮ್ಮಟದಲ್ಲೇ. ನೀವು ಉಸಿರು ಚೆನ್ನಾಗಿ ಹಿಡಿದರೆ ಅರ್ಧ ಕೆಲಸ ನೀವೇ ಮಾಡಿದಂತೆ.

ನೀರುಗುಳ್ಳೆಯನ್ನು ಅಲ್ಟ್ರಾಸೌಂಡ್ ಕಣ್ಣು ಮುಚ್ಚಿ ಹೇಳುತ್ತದೆ ಅಂದರೂ ತಪ್ಪಿಲ್ಲ. ಒಳಗೆ ಪೂರ್ತಿ ಕಪ್ಪು, ಗೋಡೆ ತೆಳು, ಅದರ ಹಿಂದಿನ ಭಾಗ ಬೆಳ್ಳಗೆ. ನೀರಿನಲ್ಲಿ ಶಬ್ದ ಸೋರಿಹೋಗದೆ ಹಾಯುವುದರಿಂದ ಹಿಂದೆ ಹೀಗೆ ಬೆಳ್ಳಗಾಗುತ್ತದೆ. ಇಷ್ಟು ಕಂಡರೆ ಮುಗಿಯಿತು, ಮುಂದೆ ಬೇರೆ ಸ್ಕ್ಯಾನ್ ಬೇಡ. ಆಮೇಲೂ ಸುಮ್ನೆ ಸಿಟಿ ಮಾಡಿಸುವುದನ್ನು ನೋಡಿದಾಗ ನನಗೆ ಬೇಸರ ಆಗುತ್ತದೆ.

ಹಿಮ್ಯಾಂಜಿಯೋಮಾ ಸಾಮಾನ್ಯವಾಗಿ ಬೆಳ್ಳಗೆ, ಅಂಚು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಬೆಳ್ಳಗೆ ಕಂಡದ್ದೆಲ್ಲ ಹಿಮ್ಯಾಂಜಿಯೋಮಾ ಅಲ್ಲ. ಅಪಾಯವಿಲ್ಲದವರಲ್ಲಿ ಹಾಗಂತ ನಂಬಬಹುದು. ಸಿರೋಸಿಸ್ ಇರುವವರಲ್ಲಿ, ಅಥವಾ ಹಿಂದೆ ಕರುಳಿನ ಕ್ಯಾನ್ಸರ್ ಆಗಿದ್ದವರಲ್ಲಿ ಅದೇ ಚಿತ್ರ ಕಂಡರೆ ನಂಬುವಂತಿಲ್ಲ. ಹಾಗಾಗಿ ನಾನು ಪರದೆ ನೋಡುವ ಮೊದಲು ಚೀಟಿ ನೋಡುತ್ತೇನೆ. ವಯಸ್ಸೆಷ್ಟು, ಹೆಪಟೈಟಿಸ್ ಬಿ ಇದೆಯಾ, ಕುಡಿತ ಇದೆಯಾ, ಜ್ವರ ಇದೆಯಾ, ಹಿಂದೆ ಯಾವುದಾದರೂ ಕ್ಯಾನ್ಸರ್ ಆಗಿತ್ತಾ, ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದಾರಾ? ಚೀಟಿಯಲ್ಲಿ ಬರೀ 'ಹೊಟ್ಟೆ ನೋವು' ಅಂತ ಇದ್ದರೆ ನಾವು ಕತ್ತಲಲ್ಲಿ ಕೆಲಸ ಮಾಡಿದಂತೆ.

ಫ್ಯಾಟಿ ಲಿವರ್ ಬಗ್ಗೆ ಒಂದು ಸಣ್ಣ ವಿಷಯ, ಇದು ನನಗೆ ಬಹಳ ಇಷ್ಟ. ಕೊಬ್ಬು ತುಂಬಿದ ಲಿವರ್ ಅಲ್ಟ್ರಾಸೌಂಡ್‌ನಲ್ಲಿ ಪಕ್ಕದ ಕಿಡ್ನಿಗಿಂತ ಬೆಳ್ಳಗೆ ಕಾಣುತ್ತದೆ. ಅದರ ನಡುವೆ ಪಿತ್ತಕೋಶದ ಪಕ್ಕ ಒಂದು ಕಪ್ಪು ತೇಪೆ ಕಾಣುವುದುಂಟು. ಹೊಸಬರು ಗಡ್ಡೆ ಅಂದುಕೊಳ್ಳುತ್ತಾರೆ. ಅದು ಗಡ್ಡೆ ಅಲ್ಲ, ಕೊಬ್ಬು ಸೇರದೆ ಉಳಿದ ಒಳ್ಳೆಯ ಲಿವರ್! ಯಾಕೆ ಅಲ್ಲೇ? ಪಿತ್ತಕೋಶದ ಸಣ್ಣ ರಕ್ತನಾಳಗಳು ಆ ಜಾಗಕ್ಕೆ ನೇರವಾಗಿ ಸೇರುತ್ತವೆ. ಕರುಳಿನಿಂದ ಬರುವ ಪೋರ್ಟಲ್ ರಕ್ತ ಅಲ್ಲಿಗೆ ಕಡಿಮೆ, ಹಾಗಾಗಿ ಕೊಬ್ಬೂ ಕಡಿಮೆ. ಅಲ್ಲೂ ಕಥೆ ರಕ್ತದ್ದೇ ನೋಡಿ.

ಎರಡನೆಯದು ಸಿಟಿ. ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಕಟ್ಟಿದ ಯಂತ್ರದಲ್ಲಿ ರೋಗಿಯೊಬ್ಬರ ಮೊದಲ ಸ್ಕ್ಯಾನ್ ಆದದ್ದು 1971ರಲ್ಲಿ, ಇಂಗ್ಲೆಂಡಿನಲ್ಲಿ. ಅದು ತಲೆಯದು. ಹೌನ್ಸ್‌ಫೀಲ್ಡ್‌ಗೂ ಅಲನ್ ಕಾರ್ಮ್ಯಾಕ್‌ಗೂ 1979ರಲ್ಲಿ ನೊಬೆಲ್ ಬಂತು. ಆಗಿನ ಯಂತ್ರಕ್ಕೆ ಒಂದು ಪದರ ತೆಗೆಯಲು ನಿಮಿಷಗಟ್ಟಲೆ ಬೇಕಿತ್ತು. ತಲೆ ಅಲುಗದೆ ಇರುತ್ತದೆ, ಆದ್ದರಿಂದ ನಡೆಯಿತು. ಲಿವರ್ ಉಸಿರಿನ ಜೊತೆ ಮೇಲೆ ಕೆಳಗೆ ಓಡಾಡುತ್ತದೆ. 35ನೇ ಸೆಕೆಂಡಿನಲ್ಲಿ ಇಡೀ ಲಿವರ್ ಹಿಡಿಯುವ ಮಾತು ಆಗ ಕನಸು. ಸುಮಾರು 1989ರ ಹೊತ್ತಿಗೆ ಸ್ಪೈರಲ್ ಸಿಟಿ ಬಂತು, 1998ರಲ್ಲಿ ಒಟ್ಟಿಗೆ ನಾಲ್ಕು ಪದರ ತೆಗೆಯುವ ಯಂತ್ರ ಬಂತು. ಈಗ ಒಂದೇ ಉಸಿರಿನಲ್ಲಿ, ಕೆಲವೇ ಸೆಕೆಂಡುಗಳಲ್ಲಿ ಇಡೀ ಲಿವರ್ ಸಿಗುತ್ತದೆ. ನಾನು ಈಗ ಹೇಳಿದ ಅರ್ಧ ನಿಮಿಷದ ಅಂತರ ನಮಗೆ ಉಪಯೋಗಕ್ಕೆ ಬಂದದ್ದು ಆ ವೇಗದಿಂದಾಗಿ.

ಸಿಟಿಯಲ್ಲಿ ಪ್ರತಿ ಚುಕ್ಕಿಗೂ ಒಂದು ಅಂಕಿ ಇದೆ, ಅದಕ್ಕೆ ಹೌನ್ಸ್‌ಫೀಲ್ಡ್ ಯೂನಿಟ್ ಅಂತ ಅವರ ಹೆಸರೇ ಇಟ್ಟಿದ್ದಾರೆ. ನೀರು 0, ಗಾಳಿ ಮೈನಸ್ 1000, ಆರೋಗ್ಯವಂತ ಲಿವರ್ ಸುಮಾರು 50ರಿಂದ 60. ಕೊಬ್ಬು ಜಾಸ್ತಿಯಾದರೆ ಅದು 40ಕ್ಕಿಂತ ಕೆಳಗೆ ಇಳಿಯುತ್ತದೆ. ತೊಂದರೆ ಏನೆಂದರೆ, ಬಹಳಷ್ಟು ಗಂಟುಗಳ ಅಂಕಿಯೂ ಲಿವರ್‌ನ ಅಂಕಿಯ ಆಸುಪಾಸಿನಲ್ಲೇ ಇರುತ್ತದೆ. ಕಾಂಟ್ರಾಸ್ಟ್ ಇಲ್ಲದ ಪ್ಲೇನ್ ಸಿಟಿಯಲ್ಲಿ ಅವು ಲಿವರ್‌ನಲ್ಲಿ ಕರಗಿಹೋದಂತೆ ಇರುತ್ತವೆ. ಲಿವರ್ ಗಂಟು ಏನು ಅಂತ ತಿಳಿಯಲು ಬರೀ ಪ್ಲೇನ್ ಸಿಟಿ ಮಾಡಿಸುವುದು ದುಡ್ಡೂ ದಂಡ, ವಿಕಿರಣವೂ ದಂಡ. ಬೇಕಾಗಿರುವುದು ಟ್ರಿಪಲ್ ಫೇಸ್ ಸಿಟಿ.

ಆ ಕೋಣೆಯಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ, ಗೊತ್ತಿದ್ದರೆ ಹೆದರಿಕೆ ಕಡಿಮೆ. ಮೊಣಕೈ ಹತ್ತಿರ ಒಂದು ಕ್ಯಾನುಲಾ ಹಾಕುತ್ತಾರೆ. ಸ್ವಲ್ಪ ದಪ್ಪದ್ದೇ ಹಾಕುತ್ತಾರೆ, ಯಾಕೆಂದರೆ ಇಂಜೆಕ್ಟರ್ ಯಂತ್ರ ಸೆಕೆಂಡಿಗೆ 3ರಿಂದ 5 ಮಿಲಿಲೀಟರ್ ವೇಗದಲ್ಲಿ ಅಯೋಡಿನ್ ಇರುವ ಔಷಧವನ್ನು ನೂಕುತ್ತದೆ. ಒಟ್ಟು ಸುಮಾರು 100 ಮಿಲಿಲೀಟರ್. ಔಷಧ ಹೋಗುತ್ತಿದ್ದಂತೆ ಗಂಟಲಿನಿಂದ ಶುರುವಾಗಿ ಮೈಯೆಲ್ಲ ಬಿಸಿ ಹರಿದಂತೆ ಆಗುತ್ತದೆ. ಎಷ್ಟೋ ಜನಕ್ಕೆ ಬಟ್ಟೆಯಲ್ಲೇ ಮೂತ್ರ ಹೋಯಿತೇನೋ ಅನ್ನಿಸುತ್ತದೆ. ಹೋಗಿರುವುದಿಲ್ಲ. ಅರ್ಧ ಒಂದು ನಿಮಿಷದಲ್ಲಿ ಅದು ಇಳಿಯುತ್ತದೆ. ಅಷ್ಟರಲ್ಲಿ ಯಂತ್ರ ಹೊಟ್ಟೆಯ ದೊಡ್ಡ ಅಪಧಮನಿಯ ಮೇಲೆ ಒಂದು ಸಣ್ಣ ವೃತ್ತ ಇಟ್ಟು ಕಾಯುತ್ತಿರುತ್ತದೆ. ಅಲ್ಲಿಯ ಅಂಕಿ ನಿಗದಿಯಾದ ಮಟ್ಟ ದಾಟಿದ ತಕ್ಷಣ ಲೆಕ್ಕ ಶುರು. ಎಲ್ಲರ ಹೃದಯವೂ ಒಂದೇ ವೇಗದಲ್ಲಿ ರಕ್ತ ತಳ್ಳುವುದಿಲ್ಲವಲ್ಲ, ಅದಕ್ಕೇ ಈ ಏರ್ಪಾಡು. ಮೊದಲ ಸುತ್ತು ಆರ್ಟೀರಿಯಲ್ ಫೇಸ್, ಎರಡನೆಯದು ಪೋರ್ಟಲ್ ಫೇಸ್, ಮೂರನೆಯದು 3ರಿಂದ 5 ನಿಮಿಷಕ್ಕೆ ಡಿಲೇಡ್ ಫೇಸ್.

ಈಗ ಒಂದೊಂದು ಗಂಟು ಈ ಮೂರು ಸುತ್ತಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ನೋಡಿ. ಹಿಮ್ಯಾಂಜಿಯೋಮಾ ನೀರಿನಲ್ಲಿಟ್ಟ ಸ್ಪಂಜಿನ ಹಾಗೆ. ರಕ್ತ ಮೊದಲು ಅಂಚಿನಲ್ಲಿ ಅಲ್ಲಲ್ಲಿ ಉಂಡೆ ಉಂಡೆಯಾಗಿ ಸೇರುತ್ತದೆ, ಆಮೇಲೆ ನಿಧಾನವಾಗಿ ನಡುವಿನ ಕಡೆಗೆ ತುಂಬುತ್ತಾ ಬರುತ್ತದೆ. ಒಳಗೆ ಹೋದ ರಕ್ತ ಬೇಗ ಹೊರಗೆ ಬರುವುದಿಲ್ಲ, ಐದನೇ ನಿಮಿಷದಲ್ಲೂ ಬೆಳ್ಳಗೇ ಇರುತ್ತದೆ. ಒಂದು ಸೆಂಟಿಮೀಟರ್‌ಗಿಂತ ಸಣ್ಣದಾಗಿದ್ದರೆ ಮೊದಲ ಸುತ್ತಿನಲ್ಲೇ ಪೂರ್ತಿ ತುಂಬಿಬಿಡಬಹುದು. ಆಗ ಎಚ್‌ಸಿಸಿ ಅಂತ ಗಾಬರಿಯಾಗುತ್ತದೆ. ಆಗ ನೋಡಬೇಕಾದದ್ದು ಮಹಾಪಧಮನಿಯ ಬಣ್ಣ. ಮೂರೂ ಸುತ್ತಿನಲ್ಲಿ ಗಂಟು ಅದರಷ್ಟೇ ಬೆಳ್ಳಗಿದ್ದರೆ ಅದು ಬರೀ ರಕ್ತ ನಿಂತ ಗಂಟು.

ಬೇರೆ ಕಡೆಯಿಂದ ಹರಡಿದ ಕ್ಯಾನ್ಸರ್, ಮುಖ್ಯವಾಗಿ ದೊಡ್ಡ ಕರುಳಿನದು, ಪೋರ್ಟಲ್ ಫೇಸ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಲಿವರ್ ಬೆಳ್ಳಗಾಗಿರುವಾಗ ಅವು ಕಪ್ಪು ಚುಕ್ಕೆಗಳಾಗಿ, ಸುತ್ತ ಒಂದು ಉಂಗುರದ ಜೊತೆ ನಿಲ್ಲುತ್ತವೆ. ಒಂದಕ್ಕಿಂತ ಹೆಚ್ಚು ಇರುವುದೇ ಸಾಮಾನ್ಯ.

ಎಚ್‌ಸಿಸಿ ಬಗ್ಗೆ ಆಗಲೇ ಹೇಳಿದೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ವೈದ್ಯಶಾಸ್ತ್ರದಲ್ಲಿ ಇದು ಅಪರೂಪದ ಸಂಗತಿ. ಸ್ತನವಾಗಲಿ ಶ್ವಾಸಕೋಶವಾಗಲಿ, ಕ್ಯಾನ್ಸರ್ ಅನ್ನಬೇಕಾದರೆ ಸಾಮಾನ್ಯವಾಗಿ ಒಂದು ಚೂರು ತೆಗೆದು ಮೈಕ್ರೋಸ್ಕೋಪ್‌ನಲ್ಲಿ ನೋಡಲೇಬೇಕು. ಎಚ್‌ಸಿಸಿಯಲ್ಲಿ ಹಾಗಿಲ್ಲ. ಸಿರೋಸಿಸ್ ಅಥವಾ ದೀರ್ಘಕಾಲದ ಹೆಪಟೈಟಿಸ್ ಬಿ ಇರುವ ವ್ಯಕ್ತಿಯಲ್ಲಿ ಚಿತ್ರ ಸರಿಯಾಗಿ ಹೊಂದಿದರೆ, ಬಯಾಪ್ಸಿ ಇಲ್ಲದೆಯೇ ಚಿಕಿತ್ಸೆ ಶುರು ಮಾಡುತ್ತಾರೆ. ಅಂದರೆ ನಾವು ಬರೆಯುವ ಒಂದು ಸಾಲಿನ ಮೇಲೆ ಆಪರೇಷನ್, ಕಸಿ ಎಲ್ಲ ನಿಂತಿರುತ್ತದೆ. ಅದಕ್ಕೇ ಆ ಸಾಲನ್ನು ಅವರವರ ಮನಸ್ಸಿಗೆ ಬಂದಂತೆ ಬರೆಯಬಾರದು ಅಂತ ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 2011ರಲ್ಲಿ ಲೈ-ರಾಡ್ಸ್ ಅನ್ನುವ ಪದ್ಧತಿ ತಂದಿತು. ಎಲ್‌ಆರ್-1 ಅಂದರೆ ಖಂಡಿತ ನಿರಪಾಯ. ಎಲ್‌ಆರ್-5 ಅಂದರೆ ಖಂಡಿತ ಎಚ್‌ಸಿಸಿ. ಎಲ್‌ಆರ್-ಎಂ ಅಂದರೆ ಕ್ಯಾನ್ಸರ್ ಇರಬಹುದು, ಆದರೆ ಎಚ್‌ಸಿಸಿಯೇ ಅನ್ನುವ ಹಾಗಿಲ್ಲ.

ಎಲ್‌ಆರ್-5 ಅನ್ನಲು ಗಂಟು ಕನಿಷ್ಠ 1 ಸೆಂಟಿಮೀಟರ್ ಇರಬೇಕು. ಆರ್ಟೀರಿಯಲ್ ಫೇಸ್‌ನಲ್ಲಿ ಬೆಳ್ಳಗಾಗಲೇಬೇಕು, ಅದೂ ಬರೀ ಅಂಚಿನಲ್ಲಿ ಉಂಗುರದಂತೆ ಅಲ್ಲ. ಅದರ ಜೊತೆಗೆ ವಾಷ್‌ಔಟ್ ಇರಬೇಕು, ಅಥವಾ ಆರು ತಿಂಗಳೊಳಗೆ ಗಾತ್ರ 50 ಶೇಕಡಾದಷ್ಟು ಬೆಳೆದಿರಬೇಕು. 2 ಸೆಂಟಿಮೀಟರ್ ಮುಟ್ಟಿದ್ದರೆ ಸುತ್ತ ಕವಚ ಕಂಡರೂ ಸಾಕು. ಇದೆಲ್ಲ ನಿಮಗೆ ನೆನಪಿರಬೇಕಾಗಿಲ್ಲ. ಒಂದು ವಿಷಯ ಮಾತ್ರ ತಿಳಿದಿರಲಿ: ಈ ಪಟ್ಟಿ ಇರುವುದು ಅಪಾಯ ಇರುವ ವಯಸ್ಕರಿಗೆ ಮಾತ್ರ. ಆರೋಗ್ಯವಂತ ಲಿವರ್ ಇರುವ 30 ವರ್ಷದ ಹೆಣ್ಣುಮಗಳ ಗಂಟಿಗೆ ಎಲ್‌ಆರ್ ನಂಬರ್ ಹಾಕುವುದು ತಪ್ಪು. ಅಂಥ ರಿಪೋರ್ಟ್‌ಗಳು ಬರುತ್ತವೆ, ಓದಿದಾಗ ತಲೆ ಬಿಸಿಯಾಗುತ್ತದೆ.

ಮೂರನೆಯದು ಎಂಆರ್‌ಐ. ವಿಕಿರಣ ಇಲ್ಲ, ಅಯಸ್ಕಾಂತ ಮತ್ತು ರೇಡಿಯೋ ತರಂಗ. ಪಾಲ್ ಲೌಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್‌ಗೆ 2003ರಲ್ಲಿ ನೊಬೆಲ್ ಕೊಡಿಸಿದ ವಿಧಾನ. ಲಿವರ್ ಗಂಟಿನ ವಿಷಯದಲ್ಲಿ ನನ್ನನ್ನು ಕೇಳಿದರೆ, ಅನುಮಾನ ಇದ್ದಾಗ ನನ್ನ ಆಯ್ಕೆ ಇದೇ. ಸಿಟಿ ಮುಖ್ಯವಾಗಿ ಸಾಂದ್ರತೆಯೊಂದನ್ನೇ ಅಳೆಯುತ್ತದೆ. ಎಂಆರ್‌ಐ ಹಲವು ಗುಣಗಳನ್ನು ಬೇರೆ ಬೇರೆಯಾಗಿ ಅಳೆಯುತ್ತದೆ. ಒಂದು ಬಗೆಯ ಚಿತ್ರದಲ್ಲಿ ನೀರು ಹೊಳೆಯುತ್ತದೆ, ಹಾಗಾಗಿ ನೀರುಗುಳ್ಳೆ, ಹಿಮ್ಯಾಂಜಿಯೋಮಾ ತಕ್ಷಣ ಸಿಕ್ಕಿಬೀಳುತ್ತವೆ. ಇನ್ನೊಂದರಲ್ಲಿ ಕೊಬ್ಬು ಇರುವ ಜಾಗ ಮಾತ್ರ ಕಪ್ಪಾಗುತ್ತದೆ, ಕೊಬ್ಬಿನ ತೇಪೆಯ ಅನುಮಾನ ಅಲ್ಲೇ ಪರಿಹಾರ. ಡಿಫ್ಯೂಷನ್ ಅನ್ನುವ ಚಿತ್ರದಲ್ಲಿ ಜೀವಕೋಶಗಳು ಒತ್ತಾಗಿ ತುಂಬಿ, ನೀರಿನ ಕಣ ಓಡಾಡಲು ಜಾಗವಿಲ್ಲದ ಕಡೆ ಬೆಳ್ಳಗಾಗುತ್ತದೆ. ಸಿಟಿಯಲ್ಲಿ ಕಾಣದ ಸಣ್ಣ ಸಣ್ಣ ಹರಡಿದ ಗಂಟುಗಳು ಇಲ್ಲಿ ಕಾಣುತ್ತವೆ.

ಇದಕ್ಕೆಲ್ಲ ಮೇಲೆ ಇನ್ನೊಂದು ಜಾಣತನ ಇದೆ. ಗ್ಯಾಡೋಕ್ಸೆಟಿಕ್ ಆಸಿಡ್ ಅನ್ನುವ ಕಾಂಟ್ರಾಸ್ಟ್ ಔಷಧ. ಬೇರೆ ಔಷಧಗಳು ರಕ್ತದ ಜೊತೆ ಬಂದು ಕಿಡ್ನಿಯ ದಾರಿಯಲ್ಲಿ ಹೊರಟುಹೋಗುತ್ತವೆ. ಇದರಲ್ಲಿ ಅರ್ಧದಷ್ಟನ್ನು ಲಿವರ್‌ನ ಜೀವಕೋಶಗಳು ಒಳಗೆ ಎಳೆದುಕೊಂಡು ಪಿತ್ತಕ್ಕೆ ಬಿಡುತ್ತವೆ. 20 ನಿಮಿಷ ಕಾದು ಚಿತ್ರ ತೆಗೆದರೆ, ಕೆಲಸ ಮಾಡುವ ಲಿವರ್ ಜೀವಕೋಶ ಇರುವ ಕಡೆಯೆಲ್ಲ ಬೆಳ್ಳಗೆ, ಇಲ್ಲದ ಕಡೆ ಕಪ್ಪು. ಹರಡಿದ ಕ್ಯಾನ್ಸರ್‌ನಲ್ಲಿ ಲಿವರ್ ಜೀವಕೋಶ ಎಲ್ಲಿಂದ ಬರಬೇಕು? ಅದು ಅಚ್ಚ ಕಪ್ಪು. ಕೆಲವೇ ಮಿಲಿಮೀಟರ್ ಇದ್ದರೂ ಕಾಣುತ್ತದೆ. ಕರುಳಿನ ಕ್ಯಾನ್ಸರ್ ಲಿವರ್‌ಗೆ ಹರಡಿದವರಿಗೆ ಆಪರೇಷನ್ ಮಾಡುವ ಮೊದಲು ಸರ್ಜನ್‌ಗಳು ಈ ಎಂಆರ್‌ಐ ಕೇಳುವುದು ಅದಕ್ಕೇ.

ಇದು ಇನ್ನೊಂದು ಹಳೆಯ ಜಗಳವನ್ನೂ ಬಹಳ ಮಟ್ಟಿಗೆ ಬಗೆಹರಿಸಿತು. ಹೆಚ್ಚಾಗಿ ಹರೆಯದ, ನಡುವಯಸ್ಸಿನ ಹೆಂಗಸರಲ್ಲಿ ಎರಡು ಬಗೆಯ ಗಂಟು ಬರುತ್ತವೆ. ಒಂದು ಎಫ್‌ಎನ್‌ಎಚ್ (ಫೋಕಲ್ ನಾಡ್ಯುಲರ್ ಹೈಪರ್‌ಪ್ಲೇಸಿಯಾ), ಅಂದರೆ ಲಿವರ್‌ನ ಜೀವಕೋಶಗಳೇ ಒಂದು ಕಡೆ ಹೆಚ್ಚಾಗಿ ಬೆಳೆದ ಗಂಟು. ಇನ್ನೊಂದು ಅಡಿನೋಮಾ, ಅದೇ ಜೀವಕೋಶಗಳ ಕ್ಯಾನ್ಸರ್ ಅಲ್ಲದ ಗಡ್ಡೆ. ಎರಡೂ ಆರ್ಟೀರಿಯಲ್ ಫೇಸ್‌ನಲ್ಲಿ ಬೆಳ್ಳಗೆ ಎದ್ದು ಕಾಣುತ್ತವೆ. ಎಫ್‌ಎನ್‌ಎಚ್ ಪೂರ್ತಿ ಸಾಧು, ಅದನ್ನು ಅದರ ಪಾಡಿಗೆ ಬಿಡಬಹುದು. ಅಡಿನೋಮಾ ಹಾಗಲ್ಲ. 5 ಸೆಂಟಿಮೀಟರ್ ದಾಟಿದರೆ ಒಡೆದು ರಕ್ತಸ್ರಾವ ಆಗುವ ಭಯ ಇದೆ, ಅಪರೂಪಕ್ಕೆ ಕ್ಯಾನ್ಸರ್ ಕಡೆಗೂ ತಿರುಗುತ್ತದೆ. ಗರ್ಭನಿರೋಧಕ ಮಾತ್ರೆ, ಜಿಮ್‌ನವರು ತಗೊಳ್ಳುವ ಅನಬಾಲಿಕ್ ಸ್ಟೆರಾಯ್ಡ್ ಇವುಗಳ ಜೊತೆ ಅಡಿನೋಮಾಗೆ ನಂಟು ಇದೆ. 20ನೇ ನಿಮಿಷದ ಚಿತ್ರದಲ್ಲಿ ಎಫ್‌ಎನ್‌ಎಚ್ ಔಷಧವನ್ನು ಹಿಡಿದಿಟ್ಟುಕೊಂಡು ಲಿವರ್‌ನಷ್ಟೇ ಅಥವಾ ಅದಕ್ಕಿಂತ ಬೆಳ್ಳಗಿರುತ್ತದೆ. ಹೆಚ್ಚಿನ ಅಡಿನೋಮಾಗಳು ಕಪ್ಪಾಗುತ್ತವೆ. 'ಹೆಚ್ಚಿನ' ಅಂತ ಯಾಕೆ ಅಂದೆ ಅಂದರೆ ಔಷಧ ಹಿಡಿಯುವ ಅಡಿನೋಮಾಗಳೂ ಕೆಲವು ಇವೆ.

ಎಂಆರ್‌ಐ ಕಷ್ಟಗಳೂ ಇವೆ. ಅರ್ಧ ಗಂಟೆಗೂ ಮೇಲೆ ಕೊಳವೆಯೊಳಗೆ ಮಲಗಬೇಕು. ಶಬ್ದ ಜೋರು. 15ರಿಂದ 20 ಸೆಕೆಂಡು ಉಸಿರು ಹಿಡಿಯುವುದನ್ನು ಮತ್ತೆ ಮತ್ತೆ ಮಾಡಬೇಕು. ಹೊಟ್ಟೆಯಲ್ಲಿ ನೀರು ತುಂಬಿಕೊಂಡ ಸಿರೋಸಿಸ್ ರೋಗಿಗೆ ಅದು ಆಗುವ ಕೆಲಸವಲ್ಲ. ಅಲುಗಿದ ಎಂಆರ್‌ಐಗಿಂತ ಒಳ್ಳೆಯ ಸಿಟಿ ಎಷ್ಟೋ ಮೇಲು. ತಮಾಷೆ ನೋಡಿ, ಈ ಗ್ಯಾಡೋಕ್ಸೆಟಿಕ್ ಔಷಧ ಚುಚ್ಚಿದ ತಕ್ಷಣ ಕೆಲವರಿಗೆ ಒಂದು ಕ್ಷಣ ಉಸಿರು ಹಿಡಿಯಲು ಆಗುವುದಿಲ್ಲ. ಅದೂ ಸರಿಯಾಗಿ ಆರ್ಟೀರಿಯಲ್ ಫೇಸ್ ಹೊತ್ತಿಗೆ! ಎಲ್ಲಕ್ಕಿಂತ ಬೇಕಾದ ಚಿತ್ರವೇ ಮಸುಕು. ಹಾಗಾಗಿ ಎಚ್‌ಸಿಸಿ ಹುಡುಕುವಾಗ ಹಳೆಯ ಬಗೆಯ ಔಷಧವನ್ನೇ ಇಷ್ಟಪಡುವವರೂ ಇದ್ದಾರೆ.

ಇನ್ನೊಂದು ವಿಧಾನ ಇದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಕಾಂಟ್ರಾಸ್ಟ್ ಅಲ್ಟ್ರಾಸೌಂಡ್. ಇಲ್ಲಿ ಚುಚ್ಚುವುದು ಅನಿಲದ ಗುಳ್ಳೆಗಳನ್ನು. ಕೇಳಿದರೆ ಭಯ ಆಗುತ್ತದೆ, ರಕ್ತಕ್ಕೆ ಗಾಳಿಯಾ ಅಂತ. ಗುಳ್ಳೆಗಳು 2ರಿಂದ 3 ಮೈಕ್ರಾನ್, ನಮ್ಮ ಕೆಂಪು ರಕ್ತಕಣ 7ರಿಂದ 8 ಮೈಕ್ರಾನ್. ಎಲ್ಲಿ ರಕ್ತಕಣ ನುಗ್ಗುತ್ತದೋ ಅಲ್ಲೆಲ್ಲ ಇವೂ ಸಲೀಸಾಗಿ ನುಗ್ಗುತ್ತವೆ. ಒಳಗಿರುವ ಸಲ್ಫರ್ ಹೆಕ್ಸಾಫ್ಲೋರೈಡ್ ಕೆಲವು ನಿಮಿಷಗಳಲ್ಲಿ ಉಸಿರಿನ ಜೊತೆ ಹೊರಗೆ ಹೋಗುತ್ತದೆ. ಕಿಡ್ನಿಗೆ ಕೆಲಸವೇ ಇಲ್ಲ. ಕಿಡ್ನಿ ಕೆಟ್ಟವರಿಗೆ ಇದು ದೊಡ್ಡ ಅನುಕೂಲ. ಸಿಟಿಯಲ್ಲಿ ಮೂರು ಚಿತ್ರ ಸಿಕ್ಕರೆ ಇಲ್ಲಿ ರಕ್ತ ಬರುವುದನ್ನೂ ಹೋಗುವುದನ್ನೂ ಬಿಡದೆ ನೋಡುತ್ತಾ ಇರಬಹುದು. 60 ಸೆಕೆಂಡಿನೊಳಗೇ ವಾಷ್‌ಔಟ್ ಆದರೆ ಹರಡಿದ ಕ್ಯಾನ್ಸರ್ ಕಡೆಗೆ ಅನುಮಾನ. ಅದಾದ ಮೇಲೆ, ಸ್ವಲ್ಪವೇ ಆದರೆ ಎಚ್‌ಸಿಸಿ ಕಡೆಗೆ. ಕೊರತೆ ಏನು ಅಂದರೆ ಒಂದು ಸಲಕ್ಕೆ ಒಂದು ಗಂಟನ್ನು ಮಾತ್ರ ಹೀಗೆ ಕಾಯಬಹುದು. ಇಡೀ ಲಿವರ್ ಹುಡುಕಲು ಇದು ಬರುವುದಿಲ್ಲ.

ಕೀವಿನ ಗಡ್ಡೆಯನ್ನು ಮರೆಯಬಾರದು. ಜ್ವರ, ಚಳಿ, ಬಲಪಕ್ಕೆಯಲ್ಲಿ ನೋವು ಇದ್ದು ಸ್ಕ್ಯಾನ್‌ನಲ್ಲಿ ಗಂಟು ಕಂಡರೆ ಮೊದಲು ನೆನಪಾಗಬೇಕಾದದ್ದು ಇದು. ಚಿತ್ರದಲ್ಲಿ ಕ್ಯಾನ್ಸರ್‌ನಂತೆಯೇ ಕಾಣುವುದುಂಟು. ಜ್ವರದ ಮಾತು ಚೀಟಿಯಲ್ಲಿ ಇಲ್ಲದಿದ್ದರೆ ಮೋಸ ಹೋಗುವುದು ಸುಲಭ. ನಾಯಿಯಿಂದ ಬರುವ ಹೈಡಾಟಿಡ್ ಹುಳುವಿನ ಗುಳ್ಳೆಯೂ ಹಾಗೇ. ದೊಡ್ಡ ಗುಳ್ಳೆಯೊಳಗೆ ಮರಿಗುಳ್ಳೆಗಳು ಕಂಡರೆ ಅದು ಅದೇ. ಸುಮ್ನೆ ನೀರುಗುಳ್ಳೆ ಅಂದುಕೊಂಡು, ತಯಾರಿ ಇಲ್ಲದೆ ಸೂಜಿ ಹಾಕಿದರೆ ಒಳಗಿನ ದ್ರವ ಸೋರಿ ಜೀವಕ್ಕೇ ಕುತ್ತು ತರುವ ಅಲರ್ಜಿ ಆಗಬಹುದು.

ಪೆಟ್ ಸ್ಕ್ಯಾನ್ ಬಗ್ಗೆ ಎರಡೇ ಮಾತು. ಸಕ್ಕರೆ ತಿನ್ನುವ ಜೀವಕೋಶಗಳನ್ನು ಅದು ತೋರಿಸುತ್ತದೆ, ದೇಹದಲ್ಲಿ ಬೇರೆಲ್ಲಿ ಹರಡಿದೆ ಅಂತ ನೋಡಲು ಒಳ್ಳೆಯದು. ಆದರೆ ಎಚ್‌ಸಿಸಿಯ ಜೀವಕೋಶಗಳು ಎಷ್ಟೋ ಸಲ ಸಾಮಾನ್ಯ ಲಿವರ್‌ನಂತೆಯೇ ಸಕ್ಕರೆ ಬಳಸುವುದರಿಂದ ಅದರಲ್ಲಿ ಕಾಣುವುದೇ ಇಲ್ಲ. ದುಬಾರಿ ಅಂದ ಮಾತ್ರಕ್ಕೆ ಎಲ್ಲದಕ್ಕೂ ದೊಡ್ಡ ಸ್ಕ್ಯಾನ್ ಅಲ್ಲ.

ಚಿತ್ರಗಳಿಂದ ತೀರ್ಮಾನ ಆಗದಿದ್ದಾಗ ಬಯಾಪ್ಸಿ. ಅಲ್ಟ್ರಾಸೌಂಡ್ ಅಥವಾ ಸಿಟಿ ನೋಡುತ್ತಾ ಸೂಜಿ ಹಾಕುತ್ತಾರೆ. 'ಸೂಜಿ ಮುಟ್ಟಿದರೆ ಕ್ಯಾನ್ಸರ್ ಹರಡುತ್ತದೆ' ಅಂತ ಜನ ಹೇಳುತ್ತಾರೆ. ಎಚ್‌ಸಿಸಿಯಲ್ಲಿ ಸೂಜಿಯ ದಾರಿಯಲ್ಲಿ ಜೀವಕೋಶ ಉಳಿದು ಬೆಳೆಯುವುದು ನೂರಕ್ಕೆ 2–3 ಜನರಲ್ಲಿ ಆಗಬಹುದು. ಇಲ್ಲವೇ ಇಲ್ಲ ಅನ್ನುವಂತಿಲ್ಲ, ಆದರೆ ಅದಕ್ಕೆ ಹೆದರಿ ಬೇಕಾದ ಬಯಾಪ್ಸಿ ಬಿಡುವುದೂ ಸರಿಯಲ್ಲ.

ಇನ್ನು ಸಭಿಕರ ಪ್ರಶ್ನೆಗಳು.

'ಡಾಕ್ಟ್ರೇ, ಮೂರು ಸುತ್ತಿನ ಸಿಟಿ ಅಂದರೆ ವಿಕಿರಣ ಜಾಸ್ತಿ ಅಲ್ವಾ?' ಅಂತ ಒಬ್ಬರು ಕೇಳಿದರು. ಹೌದು. ಹೊಟ್ಟೆಯ ಒಂದು ಸುತ್ತಿನ ಸಿಟಿಯಲ್ಲಿ ಅಂದಾಜು 8ರಿಂದ 10 ಮಿಲಿಸೀವರ್ಟ್. ಭೂಮಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಬರುವುದೇ ಸರಾಸರಿ 2.4. ಸುತ್ತು ಜಾಸ್ತಿಯಾದಷ್ಟೂ ಲೆಕ್ಕ ಏರುತ್ತದೆ. ಕ್ಯಾನ್ಸರ್ ಅನುಮಾನ ಇರುವ 60 ವರ್ಷದವರಲ್ಲಿ ಅದು ದೊಡ್ಡ ವಿಷಯವಲ್ಲ. 25 ವರ್ಷದವರ ಸಣ್ಣ ಗಂಟಿಗೆ ಎಂಆರ್‌ಐ ಕಡೆ ಹೋಗುವುದು ಜಾಣತನ.

'ಸಿರೋಸಿಸ್ ಇರುವವರು ಎಷ್ಟು ದಿನಕ್ಕೊಮ್ಮೆ ಸ್ಕ್ಯಾನ್ ಮಾಡಿಸಬೇಕು?' ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ ಅನ್ನುವ ರಕ್ತಪರೀಕ್ಷೆ. ಹೊಟ್ಟೆಯಲ್ಲಿ ಏನೂ ತೊಂದರೆ ಅನ್ನಿಸದಿದ್ದರೂ ಮಾಡಿಸಬೇಕು. ಸಣ್ಣ ಎಚ್‌ಸಿಸಿ ನೋಯುವುದಿಲ್ಲ.

'ಕಿಡ್ನಿ ಸ್ವಲ್ಪ ವೀಕ್ ಇದೆ, ಡೈ (ಕಾಂಟ್ರಾಸ್ಟ್ ಔಷಧ) ಹಾಕಬಹುದಾ?' ಮೊದಲು ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಿ ತೀರ್ಮಾನಿಸುತ್ತಾರೆ. ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ, ಹಿಂದೆ ಡೈ ಹಾಕಿದಾಗ ಮೈ ಕಡಿತ, ಉಬ್ಬಸ ಬಂದಿದ್ದರೆ ಸೂಜಿ ಹಾಕುವ ಮೊದಲೇ ಹೇಳಬೇಕು. ಟೆಕ್ನಿಷಿಯನ್ ಕೇಳಲಿ ಅಂತ ಕಾಯಬೇಡಿ.

'ಇನ್ನು ಕಂಪ್ಯೂಟರೇ ಎಲ್ಲ ಓದುತ್ತದಂತೆ?' ಅಂತ ಒಬ್ಬ ಹುಡುಗ ಕೇಳಿದ. ಗಂಟನ್ನು ಗುರುತು ಹಾಕುವುದು, ಅಳತೆ ಮಾಡುವುದು, ಹಳೆಯದರ ಜೊತೆ ಹೋಲಿಸುವುದು ಇವುಗಳಲ್ಲಿ ಅದು ಒಳ್ಳೆಯ ಸಹಾಯ. ಆದರೆ ಜ್ವರ ಇದೆಯಾ ಅಂತ ಚೀಟಿಯಲ್ಲಿ ಬರೆಯದಿದ್ದರೆ ನನಗೆ ಎಷ್ಟು ತೊಂದರೆಯೋ ಅದಕ್ಕೂ ಅಷ್ಟೇ ತೊಂದರೆ.

ಕೊನೆಗೆ ಒಬ್ಬ ಹಿರಿಯರು ಕೇಳಿದರು: 'ಹಳೆಯ ಸ್ಕ್ಯಾನ್‌ಗಳನ್ನು ಇಟ್ಟುಕೊಳ್ಳಬೇಕಾ, ಮನೆಯಲ್ಲಿ ರಾಶಿ ಬಿದ್ದಿವೆ.' ಇಟ್ಟುಕೊಳ್ಳಿ ಸಾರ್. ರಿಪೋರ್ಟ್ ಹಾಳೆ ಒಂದೇ ಸಾಲದು, ಚಿತ್ರಗಳಿರುವ ಸಿಡಿ ಬೇಕು. ಎರಡು ವರ್ಷದ ಹಿಂದೆ ಇದ್ದ ಗಂಟು ಇವತ್ತೂ ಅಷ್ಟೇ ಇದ್ದರೆ ಅದೇ ದೊಡ್ಡ ಸಾಕ್ಷಿ, ಎಷ್ಟೋ ಸಲ ಹೊಸ ಸ್ಕ್ಯಾನೇ ಬೇಡವಾಗುತ್ತದೆ. ಅದು ಲಿವರ್‌ಗೆ ಅಂತ ಮಾಡಿಸಿದ ಸ್ಕ್ಯಾನೇ ಆಗಬೇಕಾಗಿಲ್ಲ. ಕಿಡ್ನಿ ಕಲ್ಲಿಗೆ ಮಾಡಿಸಿದ ಸಿಟಿಯಲ್ಲೂ ಲಿವರ್ ಬಹುಪಾಲು ಬಂದಿರುತ್ತದೆ, ಎದೆಯ ಸಿಟಿಯಲ್ಲೂ ಮೇಲ್ಭಾಗ ಸಿಕ್ಕಿರುತ್ತದೆ. ಮುಂದಿನ ಸಲ ಬರುವಾಗ ಅವನ್ನೂ ಕವರ್‌ನಲ್ಲಿ ಹಾಕಿಕೊಂಡು ಬನ್ನಿ.